ಇಂಜು ಶಾಲೆಗೆ ಸೇರಿದ ವರ್ಷ

ಸೆಪ್ಟೆಂಬರ್ ೧, ಸೋಮವಾರ

ಬೆಳಿಗ್ಗೆ ಆರಕ್ಕೆ ಒಂಬತ್ತು ಡಿಗ್ರಿ. ವಾಯವ್ಯದ ಗಾಳಿ, ಸಾಧಾರಣ. ಆಕಾಶದಲ್ಲಿ ಮುಕ್ಕಾಲು ಪಾಲು ಮೋಡ. ಹುಲ್ಲಿನ ಮೇಲೆ ಇಬ್ಬನಿ.

ಹವಾಮಾನ ಕೇಂದ್ರದಿಂದ ನಿವೃತ್ತಳಾಗಿ ಮೂರು ವರ್ಷವಾಯಿತು. ಆದರೂ ಇಷ್ಟನ್ನು ಬರೆಯದೆ ನನಗೆ ದಿನ ಶುರುವಾಗುವುದಿಲ್ಲ. ಓದುವವರು ಯಾರೂ ಇಲ್ಲ. ಇಲ್ಲದಿದ್ದರೆ ಬೇಡ.

ಇಂಜು ಇವತ್ತು ಸಿಸ್ಟರುಗಳ ಶಾಲೆಗೆ ಸೇರಿದಳು. ಮಕ್ಕಳಿಲ್ಲದೆ ಸರಕಾರಿ ಶಾಲೆ ಮುಚ್ಚಿದ ಮೇಲೆ ಊರಿನಲ್ಲಿ ಉಳಿದಿರುವುದು ಇದೊಂದೇ. ಒಂದನೇ ತರಗತಿಗೆ ಹನ್ನೊಂದು ಮಕ್ಕಳು. ಅರ್ಧ ನಮ್ಮ ಕಜಾಕರವು, ಉಳಿದವು ಪೋಲಿಷರ, ಜರ್ಮನರ ಮೊಮ್ಮಕ್ಕಳು. ಎಲ್ಲರ ಕೈಯಲ್ಲೂ ಡೇಲಿಯಾ ಹೂವು. ಹುಡುಗಿಯರಿಗೆ ತಲೆಗಿಂತ ದೊಡ್ಡ ಬಿಳಿ ರಿಬ್ಬನ್ನು. ಗಂಟೆ ಹೊಡೆದದ್ದೇ ತಡ, ಒಬ್ಬ ಅಳಲು ಶುರುಮಾಡಿದ, ಒಂಬತ್ತು ಜನ ದನಿಗೂಡಿಸಿದರು. ವೀತೆಕ್ ಎಂಬ ಪೋಲಿಷ್ ಹುಡುಗ ಸಿಸ್ಟರ್ ಫೆಲಿಸ್ಯಾರ ಕೈಯನ್ನೇ ಕಚ್ಚಿಬಿಟ್ಟ. ಇಂಜು ಅಳಲಿಲ್ಲ. ನನ್ನ ಲಂಗ ಹಿಡಿದು ನಿಂತಳು. ಒಂದು ಬೆರಳು ಬಿಡಿಸಿದರೆ ಇನ್ನೊಂದು ಬೆರಳು ಹಿಡಿಯುತ್ತಿತ್ತು.

"ಇವಳಮ್ಮ ಇಲ್ಲೇ ನಮ್ಮ ಅಡುಗೆಮನೇಲಿದಾರಲ್ಲ, ಕರೀಲಾ?" ಅಂದರು ಸಿಸ್ಟರ್.

"ಇವಳಮ್ಮ ನಾನೇ," ಅಂದೆ.

ಸಿಸ್ಟರ್ ಇದೇ ಊರಿನಲ್ಲಿ ಹುಟ್ಟಿ ಬೆಳೆದವರು, ನಮ್ಮ ಪದ್ಧತಿ ಗೊತ್ತಿಲ್ಲದೆ ಏನು? ಮೊದಲ ಮಗು ಗಂಡನ ತಂದೆತಾಯಿಯ ಮಡಿಲಿಗೆ. ಸೊಸೆ ಗೌಹಾರ್ ಹೆತ್ತಳು, ನಲವತ್ತನೆಯ ದಿನ ನಾನು ಮಡಿಲಿಗೆ ಹಾಕಿಕೊಂಡೆ. ಇಂಜುವಿಗೆ ನಾನು ಅಮ್ಮ, ಹೆತ್ತವಳು ಗೌಹಾರಕ್ಕ, ನನ್ನ ಮಗ ಕೈರಾತ್ ಅಣ್ಣ. ಎಲ್ಲರೂ ಒಂದೇ ಸೂರಿನಡಿ ಇದ್ದೇವೆ.

ಸಿಸ್ಟರ್ ಕೆಂಪಾದರು. "ತಪ್ಪಾಯ್ತು ರಾಬಿಗಮ್ಮ. ಒಂದು ವಾರ ನೀವೇ ಪಡಸಾಲೆ ಬೆಂಚಿನ ಮೇಲೆ ಕೂತಿರಿ. ಮಗು ಹೊಂದ್ಕೊಳ್ಳತ್ತೆ."

ಸೊಸೆ ಆಗಸ್ಟಿನಲ್ಲೇ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಸೇರಿಕೊಂಡಿದ್ದಾಳೆ. ಮನೆಯಲ್ಲಿ ಕೂತು ಬೇಜಾರು ಅಂದಳು. ನಮ್ಮ ಮನೆಯಲ್ಲಿ ಯಾರಿಗೆ ಕೂರಲು ಪುರುಸೊತ್ತಿದೆಯೋ ನನಗೆ ತಿಳಿಯದು.

ಸೆಪ್ಟೆಂಬರ್ ೪

ಹನ್ನೊಂದು ಡಿಗ್ರಿ. ಗಾಳಿಯಿಲ್ಲ.

ಕೇಂದ್ರದಲ್ಲಿ ನಾನು ಮೂರು ಗಂಟೆಗೊಮ್ಮೆ ಥರ್ಮಾಮೀಟರ್ ನೋಡುತ್ತಿದ್ದೆ. ಇವಳು ಹತ್ತು ನಿಮಿಷಕ್ಕೊಮ್ಮೆ ನನ್ನನ್ನು ನೋಡುತ್ತಾಳೆ. ತರಗತಿಯ ಬಾಗಿಲು ಒಂದು ಬೆರಳಷ್ಟು ತೆರೆಯುತ್ತದೆ, ಅಲ್ಲಿ ಒಂದು ಕಣ್ಣು. ನಾನು ಹೆಣಿಗೆಯ ಕಡ್ಡಿ ಎತ್ತಿ ತೋರಿಸುತ್ತೇನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಮಕ್ಕಳು ಏನೋ ಹಾಡುತ್ತಿರುತ್ತಾರೆ, ಪದ ತಿಳಿಯುವುದಿಲ್ಲ, ಕಿಟಕಿಯ ಬಿಸಿಲು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿರುತ್ತದೆ. ಮಂಪರು ಬಂದಂತಾಗುತ್ತದೆ.

ಮನೆಗೆ ಬರುವಾಗ ಕೇಳಿದಳು: "ಅಮ್ಮ, ಗೋಡೆ ಮೇಲೆ ಕೈಗೆ ಮೊಳೆ ಹೊಡ್ದಿರೋ ಆ ಮಾಮನ್ನ ಯಾಕೆ ಯಾರೂ ಕೆಳಗಿಳಿಸಲ್ಲ?"

"ಸಿಸ್ಟರನ್ನ ಕೇಳು."

"ಕೇಳ್ದೆ. ತುಂಬಾ ವರ್ಷದ ಹಿಂದಿನ ಕಥೆಯಂತೆ. ಅವನಮ್ಮ ಕೆಳಗೆ ನಿಂತ್ಕೊಂಡು ನೋಡ್ತಾನೇ ಇದ್ಲಂತೆ. ಏನೂ ಮಾಡಕ್ಕಾಗ್ಲಿಲ್ವಂತೆ. ಪಾಪ ಅಲ್ವಾ?"

ಬೇಗ ನಡಿ, ಹಸು ಕಾಯುತ್ತಿರುತ್ತೆ ಅಂದೆ.

ಸೆಪ್ಟೆಂಬರ್ ೧೯

ಏಳು ಡಿಗ್ರಿ. ಉತ್ತರದ ಗಾಳಿ ಜೋರು. ಬಾತುಗಳು ದಕ್ಷಿಣಕ್ಕೆ ಹೋದವು, ಎರಡು ಹಿಂಡು.

ಮಗುವನ್ನು ಕ್ರೈಸ್ತಳನ್ನಾಗಿ ಮಾಡಿಬಿಡುತ್ತಾರೆ ಅಂತ ಅಂಗಡಿಯ ಮುಂದೆ ಹೆಂಗಸರು ಆಡಿಕೊಳ್ಳುತ್ತಿದ್ದಾರಂತೆ. ನಮ್ಮವರು ಬಂದು ಹೇಳಿದರು. ಕುದುರೆ ಕಾಯುವವರಿಗೆ ಊರ ಸುದ್ದಿ ಹೇಗೆ ಸಿಗುತ್ತದೋ! ಕುದುರೆಗಳೇ ಹೇಳುತ್ತವೋ ಏನೋ.

"ದೇವರು ಯಾವ ಬಾಗಿಲಿಂದ ಬಂದ್ರೂ ದೇವರೇ ರೀ," ಅಂದೆ. "ಚಳಿ ಮಾತ್ರ ನಮ್ಮ ಕಿಟಕಿ ಸಂದೀಂದ್ಲೇ ಬರ್ತಿದೆ. ಮೊದ್ಲು ಅದನ್ನ ಮುಚ್ಚಿ."

"ನೀನು ದಿನಾ ಅಲ್ಲೇ ಕೂತಿರ್ತೀಯ. ಆದ್ರೆ ಮೊದ್ಲು ನೀನೇ ಕ್ರೈಸ್ತಳಾಗೋದು," ಅಂತ ಹಲ್ಲಿನ ಸೆಟ್ಟು ಅಲುಗುವ ಹಾಗೆ ನಕ್ಕರು. ಕಿಟಕಿ ಹಾಗೇ ಇದೆ.

ಅಕ್ಟೋಬರ್ ೭

ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಮೊದಲ ಹಿಮ, ನೆಲ ಮುಟ್ಟಿದ ಕೂಡಲೇ ಕರಗಿತು.

ಊಟದ ಹೊತ್ತಿಗೆ ಹಸು ನೋಡಲು ನಾನು ಮನೆಗೆ ಬಂದು ಹೋಗುತ್ತೇನೆ. ಆ ಒಂದು ಗಂಟೆಯಲ್ಲಿ ನಡೆದದ್ದು ಇದು. ಬೆಳಿಗ್ಗೆ ನಾನು ಹಾಕಿ ಕಳಿಸಿದ್ದು ಎರಡು ಜಡೆ. ಸಂಜೆ ಬಂದದ್ದು ತಲೆ ಸುತ್ತ ಬಳಸಿ ಕಟ್ಟಿದ ಒಂದೇ ಜಡೆ.

"ಯಾರೇ ಹಾಕಿದ್ದು?"

"ಗೌಹಾರಕ್ಕ. ಸಾರಿಗೆ ಕೂದಲು ಬೀಳತ್ತೆ ಅಂತ."

ಬಿಚ್ಚಿ ಮತ್ತೆ ಎರಡು ಹಾಕಿದೆ. "ನೋಯತ್ತೆ ಅಮ್ಮ, ಗೌಹಾರಕ್ಕ ಹಾಕಿದ್ರೆ ನೋಯಲ್ಲ," ಅಂದಳು. ಕೂದಲಲ್ಲಿ ಅಡುಗೆಮನೆಯ ವಾಸನೆ, ಎಲೆಕೋಸಿನದು. ಎರಡು ಸಲ ತೊಳೆದೆ.

ಹಿರಿಯರ ಕಣ್ಣೆದುರು ಹೆತ್ತವಳು ಮಗುವನ್ನು ಮುದ್ದಿಸಬಾರದು, ಎತ್ತಬಾರದು, ನನ್ನ ಮಗಳು ಅನ್ನಬಾರದು. ಮನೆಯಲ್ಲಿ ಸೊಸೆ ಈ ಆರು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಶಾಲೆಯಲ್ಲಿ ನನ್ನ ಕಣ್ಣು ಇಲ್ಲವಲ್ಲ. ನಾಳೆಯಿಂದ ಹಸುವನ್ನು ನಮ್ಮವರೇ ನೋಡಿಕೊಳ್ಳಲಿ.

ಅಕ್ಟೋಬರ್ ೨೫

ಸೊನ್ನೆಗಿಂತ ನಾಲ್ಕು ಕೆಳಗೆ. ಮೋಡ.

ಜರ್ಮನಿಗೆ ಹೊರಟುಹೋದ ಶ್ಮಿತ್ ಕುಟುಂಬದ ಖಾಲಿ ಮನೆಯನ್ನು ಕೈರಾತ್ ಕೊಂಡಿದ್ದಾನೆ. ಶಾಲೆಯ ಹಿಂದೆ, ನಮ್ಮಿಂದ ಎರಡು ಬೀದಿ ಆಚೆ. ಸೂರು ಸರಿಮಾಡಿ ಬೇಸಿಗೆಗೆ ಗಂಡಹೆಂಡತಿ ಬೇರೆ ಹೋಗುತ್ತಾರೆ. ದೊಡ್ಡ ಮಗ ಬೇರೆ ಹೋಗುವುದು ಸಹಜವೇ. ನಮ್ಮ ಜೊತೆ ಇರಲು ಚಿಕ್ಕವನು ಮುಂದಿನ ವರ್ಷ ಸೈನ್ಯದಿಂದ ಬರುತ್ತಾನೆ.

ಇಂಜು ನನ್ನ ಬಳಿಯೇ ಇರುತ್ತಾಳೆ. ಅದರ ಮಾತು ಬರಲಿಲ್ಲ, ಬರುವುದೂ ಇಲ್ಲ. ಕೊಟ್ಟ ಮಗುವನ್ನು ವಾಪಸ್ಸು ಕೇಳುವ ಹಕ್ಕು ಅವರಿಗಿಲ್ಲ. ಕೊಡುವುದಿದ್ದರೆ ಅದು ನನ್ನ ಬಾಯಿಂದಲೇ ಬರಬೇಕು. ನನ್ನ ಬಾಯಿಂದ ಯಾಕೆ ಬರುತ್ತದೆ?

ಮೊದಲನೆಯದು ನಮಗೆ, ಮುಂದಿನವು ನಿಮಗೆ, ಇದು ತಲೆತಲಾಂತರದ ಮಾತು. ಮುಂದಿನದು ಎರಡು ಸಲ ಬಂದಂತೆ ಮಾಡಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅದಕ್ಕೆ ನಾನೇನು ಮಾಡಲಿ?

ನವೆಂಬರ್ ೧೪

ಹದಿನೇಳು ಕೆಳಗೆ. ಮಂಜು. ಚರ್ಚಿನ ಗಂಟೆ ಎಲ್ಲಿಂದ ಕೇಳುತ್ತಿದೆಯೆಂದೇ ತಿಳಿಯದ ಬೆಳಗು. ಊರು ನೀರಿನಡಿ ಮುಳುಗಿದಂತಿತ್ತು.

"ರಾಬಿಗಮ್ಮ, ನಾನು ಒಂದು ವಾರ ಅಂದಿದ್ದೆ," ಅಂದರು ಸಿಸ್ಟರ್. "ಇದು ಹನ್ನೊಂದನೇ ವಾರ."

"ಮಗು ಹೆದರ್ಕೊಳ್ಳತ್ತೆ."

"ಯಾವ ಮಗು?" ಅಂತ ನಕ್ಕರು. ಅದರಲ್ಲಿ ನಗುವಂಥದ್ದೇನಿತ್ತೋ ಗೊತ್ತಾಗಲಿಲ್ಲ.

ತರಗತಿಯ ಬಾಗಿಲು ಈಚೆಗೆ ತೆರೆಯುವುದೇ ಇಲ್ಲ. ಚಳಿಗೆ ಹಿಡಿ ಬಿಗಿದುಕೊಂಡಿರಬೇಕು. ಎಣ್ಣೆ ಬಿಡಲು ಹೇಳಬೇಕು.

ಸುಮ್ಮನೆ ಕೂರುವ ಬದಲು ಇರಲಿ ಅಂತ ಸಿಸ್ಟರ್ ಹರಿದ ಕೈಗವಸುಗಳ ಬುಟ್ಟಿ ತಂದಿಟ್ಟರು. ಬಿಡುವಿನ ಹೊತ್ತಿಗೆ ಹನ್ನೊಂದೂ ನನ್ನ ಸುತ್ತ. ಒಬ್ಬನಿಗೆ ಬೂಟು, ಒಬ್ಬಳಿಗೆ ಗುಂಡಿ, ಒಬ್ಬನಿಗೆ ಮೂಗು. ಕಚ್ಚುವ ವೀತೆಕ್ ನನ್ನ ಪಕ್ಕದಲ್ಲೇ ಕೂತು ನೂಲಿನ ಉಂಡೆ ಹಿಡಿದುಕೊಳ್ಳುತ್ತಾನೆ. "ಅಜ್ಜಿ, ನೀವೂ ಒಂದನೇ ಕ್ಲಾಸಾ?" ಅಂದ. "ಫೇಲಾಗಿ ಇಲ್ಲೇ ಉಳ್ಕೊಂಡಿದೀನಿ ಕಣೋ," ಅಂದೆ. ನಂಬಿದ. ತನ್ನ ಪೆನ್ಸಿಲು ಕೊಟ್ಟ.

ಡಿಸೆಂಬರ್ ೨೨

ಇಪ್ಪತ್ತಾರು ಕೆಳಗೆ. ಹಿಮ ಮೂವತ್ತೊಂದು ಸೆಂಟಿಮೀಟರ್.

ಇವತ್ತು ನಕ್ಕು ನಕ್ಕು ಪಕ್ಕೆ ನೋವು. ಮಕ್ಕಳಿಗೆ ಕ್ರಿಸ್ಮಸ್ ಗೋದಲಿ ಜೋಡಿಸುವ ಕೆಲಸ ಕೊಟ್ಟು ಸಿಸ್ಟರ್ ಫೋನಿಗೆ ಹೋದರು. ಹುಲ್ಲಿನ ಮೇಲೆ ಮಲಗಿಸಲು ಗಾರೆಯ ಬಾಲಯೇಸು. ಮೈಮೇಲೆ ಒಂದು ತುಂಡು ಬಟ್ಟೆ, ಕೈಕಾಲು ಗಾಳಿಗೆ. ನಮ್ಮ ಮಕ್ಕಳು ಅದನ್ನು ಹೇಗೆ ಸಹಿಸಬೇಕು? ತೊಟ್ಟಿಲಲ್ಲಿ ಪಟ್ಟಿ ಬಿಗಿದು ಕಟ್ಟದ ಕೂಸನ್ನು ಅವು ಕಂಡಿದ್ದರೆ ತಾನೇ? ನನ್ನ ಬುಟ್ಟಿಯ ನೂಲು, ಇಬ್ಬರ ಮಫ್ಲರು, ಒಬ್ಬಳ ರಿಬ್ಬನ್ನು ಸೇರಿಸಿ ಕತ್ತಿನವರೆಗೆ ಸುತ್ತಿ, ಕದಲದ ಹಾಗೆ ಗಂಟು ಹಾಕಿದ್ದವು. ಇಂಜು ಮುಂದಾಳು. ಸಿಸ್ಟರ್ ಬಂದು ಬಿಚ್ಚಲು ನೋಡಿದರು, ಗಂಟು ಬಿಡಲಿಲ್ಲ. ಕತ್ತರಿ ತಂದರೆ ವೀತೆಕ್ ಅಡ್ಡ ನಿಂತ: "ಬೇಡ ಸಿಸ್ಟರ್, ಈಗ ತಾನೆ ಮಲಗಿದಾನೆ."

ಹಾಗೆಯೇ ಬಿಟ್ಟರು. ಹಬ್ಬದ ಪೂಜೆಗೆ ಬರುವ ಪೋಲಿಷ್ ಮುದುಕಿಯರು ಏನನ್ನುತ್ತಾರೋ!

ಸಿಸ್ಟರ್ ಕೇಳಿದರಂತೆ, ಇಷ್ಟು ಚೆನ್ನಾಗಿ ಕಟ್ಟಲು ಯಾರು ಕಲಿಸಿದರು ಅಂತ. "ಗೌಹಾರಕ್ಕ. ಅಡುಗೆಮನೇಲಿ, ಟವೆಲ್ಲಲ್ಲಿ. ನಾನು ಪುಟ್ಟ ಪಾಪು ಆಗಿದ್ದಾಗ ಹಿಂಗೇ ಕಟ್ತಿದ್ಲಂತೆ," ಅಂದಳಂತೆ ಇಂಜು.

ನಲವತ್ತು ದಿನ ಕಟ್ಟಿದ್ದಳು. ನೆನಪಿಟ್ಟುಕೊಂಡಿದ್ದಾಳೆ.

ಜನವರಿ ೨೮, ಬುಧವಾರ

ಹಿಮಗಾಳಿ. ಅಳೆಯುವಂತಿರಲಿಲ್ಲ.

ಹತ್ತು ಗಂಟೆಗೆ ದಕ್ಷಿಣದಲ್ಲಿ ಬಿಳಿ ಗೋಡೆ ಎದ್ದಿತು. ಹನ್ನೊಂದಕ್ಕೆ ಕಿಟಕಿಯಾಚೆ ಏನೂ ಇಲ್ಲ, ಬೇಲಿಯಿಲ್ಲ, ಬೀದಿಯಿಲ್ಲ, ಆಕಾಶವಿಲ್ಲ. ಯಾರೂ ಹೊರಗೆ ಹೋಗಬಾರದು ಅಂದರು ಸಿಸ್ಟರ್. ದಾರಿ ತಪ್ಪಿದವರಿಗೆ ಕೇಳಲಿ ಅಂತ ಐದು ನಿಮಿಷಕ್ಕೊಮ್ಮೆ ಗಂಟೆ ಹೊಡೆಸಿದರು. ಗೌಹಾರ್ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ತರಗತಿಗೆ ಬಂದಳು. ಊಟವಾದ ಮೇಲೆ ಮಕ್ಕಳನ್ನೆಲ್ಲ ಒಲೆಯ ಪಕ್ಕ ಕಂಬಳಿಯ ಮೇಲೆ ಮಲಗಿಸಿದೆವು. ಗಾಳಿ ಶಾಲೆಯನ್ನು ತೂಗುತ್ತಿತ್ತು. ಗಂಟೆ ಎಲ್ಲೋ ದೂರದಲ್ಲಿ, ಬೇರೆ ಯಾವುದೋ ಊರಿನಲ್ಲಿ ಹೊಡೆದಂತೆ ಕೇಳುತ್ತಿತ್ತು. ನಾವು ಎಲ್ಲಿಗೋ ಹೊರಟಿದ್ದೇವೆ, ಯಾರಿಗೂ ಅವಸರವಿಲ್ಲ ಅನ್ನಿಸುತ್ತಿತ್ತು.

ಇಂಜುವಿಗೆ ನಿದ್ದೆ ಬರಲಿಲ್ಲ. ತೆವಳಿಕೊಂಡು ಹೋಗಿ ಗೌಹಾರ್ ತೊಡೆಯ ಮೇಲೆ ತಲೆಯಿಟ್ಟಳು. ಗೌಹಾರ್ ತಕ್ಷಣ ನನ್ನ ಕಡೆ ನೋಡಿದಳು. ಕೈ ಎರಡೂ ಮೇಲೆತ್ತಿದ್ದಳು, ಬಿಸಿ ಪಾತ್ರೆ ಮುಟ್ಟಲು ಹೆದರಿದವಳ ಹಾಗೆ. ಮಗು ತೊಡೆಯ ಮೇಲಿದೆ, ಕೈ ಗಾಳಿಯಲ್ಲಿದೆ. ಎಷ್ಟು ಹೊತ್ತು ಹಾಗೇ ಇರುತ್ತಾಳೆ?

ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಸ್ವಲ್ಪ ಗೊರಕೆಯನ್ನೂ ಹೊಡೆದೆ.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹಾಡು. ನಮ್ಮ ಮನೆಯಲ್ಲಿ ಗೌಹಾರ್ ಹಾಡಿದ್ದೇ ನನಗೆ ನೆನಪಿಲ್ಲ. ಅವಳ ತವರಿನ ಕಡೆಯ ಜೋಗುಳವಿರಬೇಕು, ರಾಗ ಬೇರೆ ಇತ್ತು. ಗಾಳಿ ನಿಂತದ್ದು ಮೂರೂವರೆಗೆ. ಅಲ್ಲಿಯವರೆಗೆ ಕಣ್ಣು ಬಿಡಲಿಲ್ಲ. ಸೊಂಟ ಹಿಡಿದುಕೊಂಡಿದೆ.

ಜನವರಿ ೨೯

ನಿನ್ನೆಯದನ್ನು ಬರೆಯಬಾರದಿತ್ತು. ಹಾಳೆ ಹರಿದುಬಿಡೋಣವೆಂದರೆ ಹಿಂಬದಿಯಲ್ಲಿ ಡಿಸೆಂಬರಿನ ಹಿಮದ ಲೆಕ್ಕವಿದೆ.

ಫೆಬ್ರವರಿ ೧೮

ಚಳಿ.

ಗೌಹಾರ್ ಅಡುಗೆಮನೆಗೆ ಯಾಕೆ ಸೇರಿದಳೆಂದು ಇವತ್ತು ಎಲೆಕೋಸು ಹೆಚ್ಚುವಾಗ ಹೊಳೆಯಿತು. (ಬೆಂಚಿನ ಮೇಲೆ ಕೂತು ಸಾಕಾಗಿ ನಾನೂ ಅಡುಗೆಮನೆಯಲ್ಲೇ ಕೂರುತ್ತಿದ್ದೇನೆ. ಅಲ್ಲಿ ಬೆಚ್ಚಗಿದೆ, ಅಷ್ಟೆ.) ಬೇರೆ ಮನೆ ಮಾಡಿದ ಮೇಲೆ ಇಂಜು ಬೆಳಿಗ್ಗೆ ಕಾಣುವುದಿಲ್ಲ, ರಾತ್ರಿ ಕಾಣುವುದಿಲ್ಲ. ಹಗಲಾದರೂ ಇರಲಿ ಅಂತ ಆಗಸ್ಟಿನಲ್ಲೇ ಯೋಚಿಸಿಟ್ಟಿದ್ದಾಳೆ. ಯಾರ ಹತ್ತಿರವೂ ಏನೂ ಕೇಳದೆ, ಎಷ್ಟು ಸಿಗುತ್ತದೋ ಅಷ್ಟಕ್ಕೆ ಪಾತ್ರೆ ಹಿಡಿದು ನಿಂತಿದ್ದಾಳೆ.

"ಅತ್ತೆ, ಯಾಕೆ ಸುಮ್ನಾದ್ರಿ? ಕೈ ಕುಯ್ಕೊಂಡ್ರಾ?"

"ಈರುಳ್ಳಿ ಕಣೆ," ಅಂದೆ.

"ಅದು ಎಲೆಕೋಸು ಅತ್ತೆ."

ಮಾರ್ಚ್ ೨೨, ಭಾನುವಾರ

ನೌರೂಜ್. ಹೊಸ ವರ್ಷ. ಸಿಸ್ಟರುಗಳಿಗೆ ಈಗ ಉಪವಾಸದ ಕಾಲ, ಮಾಂಸ ಮುಟ್ಟುವಂತಿಲ್ಲ. ಆದರೂ ನಮ್ಮ ಮಕ್ಕಳಿಗಾಗಿ ಶಾಲೆಯ ಅಂಗಳದಲ್ಲಿ ದೊಡ್ಡ ಹಂಡೆಯಿಟ್ಟು ಮಾಂಸ ಹಾಕಿದ ಹಬ್ಬದ ಗಂಜಿ ಮಾಡಿಸಿದರು. ಸಿಸ್ಟರ್ ಫೆಲಿಸ್ಯಾ ಹಂಡೆಯ ಹಬೆಗೆ ಮೂಗು ಒಡ್ಡಿ, "ವಾಸನೆ ಪಾಪ ಅಲ್ಲ," ಅಂದರು. ಇಂಜು ಹಾಡಿದಳು. ಪಕ್ಕದಲ್ಲಿ ವೀತೆಕ್ ನಮ್ಮ ಟೋಪಿ ಹಾಕಿಕೊಂಡು ತಪ್ಪುತಪ್ಪಾಗಿ ಕುಣಿದ. ಹಿಮ ಕರಗಿ ಹೊಳೆಯುತ್ತಿತ್ತು, ಇಡೀ ಬಯಲು ನೀರು, ಬಯಲಿನ ತುಂಬ ಆಕಾಶ.

ಗೌಹಾರ್‌ಗೆ ನೀಲಿ ರುಮಾಲು ಒಪ್ಪುತ್ತದೆ. ಹೇಳಬೇಕೆಂದಿದ್ದೆ, ಹೇಳಲಿಲ್ಲ.

ಏಪ್ರಿಲ್ ೨೦

ಇಂಜು ಶಾಲೆ ಮುಗಿಸಿ ಹೊಸ ಮನೆಗೆ ಸುಣ್ಣ ಬಳಿಯಲು ಹೋಗಿದ್ದಳು. ಮೂಗಿನ ತುದಿಗೆ ಸುಣ್ಣ ಹಚ್ಚಿಕೊಂಡು ಬಂದಳು.

"ಒಳಗಿನ ಕೋಣೇಲಿ ಎಷ್ಟು ದೊಡ್ಡ ಕಿಟಕಿ ಗೊತ್ತಾ ಅಮ್ಮ! ಅಲ್ಲಿಂದ ನಮ್ಮ ಶಾಲೆ ಗಂಟೆ ಕಾಣತ್ತೆ. ಕಿಟಕಿ ಕೆಳಗೆ ಒಂದು ಜಾಗ ಇದೆ."

"ಅಲ್ಲಿ ಏನಿಡ್ತಾರಂತೆ?"

"ಏನೂ ಇಡಲ್ವಂತೆ. ಪೆಟ್ಟಿಗೆ ಇಡೋಣ ಅಂದ ಅಣ್ಣ. ಗೌಹಾರಕ್ಕ ಬೇಡ ಅಂದ್ಲು. ಬರೀ ಜಾಗ ಇರ್ಲಿ ಅಂದ್ಲು."

ಮೂಗು ಒರೆಸಿದೆ. ಇಷ್ಟು ಉದ್ದವಾಗಿದ್ದಾಳೆ, ಯಾವಾಗ?

ಏಪ್ರಿಲ್ ೨೧

ನನಗೂ ಹೊಟ್ಟೆಯಿದೆ, ಕರುಳಿದೆ. ಆರು ವರ್ಷ ನನ್ನ ಕಂಕುಳಲ್ಲಿ ಮಲಗಿದ ಮಗು. ಯಾರೂ ಏನೂ ಕೇಳಿಲ್ಲ. ಕೇಳದೆ ಇದ್ದುಕೊಂಡೇ ಎಲ್ಲರೂ ನನ್ನನ್ನು ಸಾಯಿಸುತ್ತಿದ್ದಾರೆ.

ಮೇ ೨೫, ಸೋಮವಾರ

ವರ್ಷದ ಕೊನೆಯ ಗಂಟೆ. ಹನ್ನೊಂದೂ ಸಾಲಾಗಿ ನಿಂತವು. ಸೆಪ್ಟೆಂಬರಿನಲ್ಲಿ ಅತ್ತವು ಇವೇನಾ ಅನ್ನಿಸಿತು. ಸಿಸ್ಟರ್ ಒಬ್ಬೊಬ್ಬರ ತಲೆ ಮುಟ್ಟಿ ಹಾರೈಸಿದರು. ವೀತೆಕ್ ಅವರ ಕೈಗೆ ಮುತ್ತಿಟ್ಟ, ತಾನು ಕಚ್ಚಿದ ಕೈಗೇ ಇರಬೇಕು. ಇಂಜು ಮೂರು ಪದ್ಯ ಹೇಳಿದಳು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ, ಒಂದು ಸಲವೂ ತಡವರಿಸಲಿಲ್ಲ.

ಖುಷಿಯಾಯಿತು. ಖುಷಿಯೇ ಇರಬೇಕು.

ಜೂನ್ ೬, ಶನಿವಾರ

ಹೊಸ ಮನೆಯಲ್ಲಿ ಇವತ್ತು ಮೊದಲ ಚಹಾ. ನಾವಿಬ್ಬರು, ಕೈರಾತ್, ಗೌಹಾರ್, ಇಂಜು. ಸಿಸ್ಟರ್ ಫೆಲಿಸ್ಯಾ ರೊಟ್ಟಿ, ಉಪ್ಪು ಹಿಡಿದು ಬಂದಿದ್ದರು. ಗೋಡೆಗಳಲ್ಲಿ ಇನ್ನೂ ಸುಣ್ಣದ ವಾಸನೆ. ಒಳಕೋಣೆಯನ್ನು ನೋಡಿ ಬಂದೆ. ಕಿಟಕಿಯ ಕೆಳಗೆ ಏನೂ ಇರಲಿಲ್ಲ, ಬಿಸಿಲು ಬಿದ್ದಿತ್ತು.

ಊಟಕ್ಕೆ ಕೈ ಹಾಕುವ ಮುಂಚೆ ಹಿರಿಯರು ಮನೆಗೆ ಹರಸಬೇಕು. ಎಲ್ಲರೂ ಅಂಗೈ ಬಿಚ್ಚಿ ಕೂತರು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಹರಕೆಯ ಮಾತಂತೂ ನುಂಗಿಕೊಳ್ಳಲು ಬರುವುದೇ ಇಲ್ಲ.

"ನೀನೇ ಹೇಳೇ," ಅಂದರು ನಮ್ಮವರು. "ನನ್ನ ಹಲ್ಲಿನ ಸೆಟ್ಟು ಮನೇಲೇ ಉಳೀತು. ಹಲ್ಲಿಲ್ಲದೆ ಹರಸಿದ್ರೆ ಅರ್ಧ ಸೋರ್ಹೋಗತ್ತೆ."

ಸೆಟ್ಟು ಅವರ ಅಂಗಿಯ ಜೇಬಿನಲ್ಲಿ ಉಬ್ಬಿಕೊಂಡು ಕಾಣುತ್ತಿತ್ತು. ಮುಖ ಮಾತ್ರ ಹಸುಗೂಸಿನದು.

ನಾನು ಕೈ ಒಡ್ಡಿದೆ. "ಈ ಮನೆ ಒಲೆ ಆರದಿರಲಿ. ಈ ಬಾಗಿಲಿಗೆ ನೆಂಟರು ತಪ್ಪದಿರಲಿ. ಈ ಮನೇಲಿರೋ ಮೂರು ಜನಕ್ಕೂ ಆಯಸ್ಸು ಇರಲಿ, ನಗು ಇರಲಿ. ಆಮೀನ್."

ಆಮೀನ್ ಅಂದು ಅಂಗೈಯಿಂದ ಮುಖ ಸವರಿಕೊಳ್ಳಬೇಕು. ಯಾರೂ ಸವರಿಕೊಳ್ಳಲಿಲ್ಲ. ಕೈರಾತ್ ಚಾಪೆ ನೋಡುತ್ತಿದ್ದ. ಗೌಹಾರ್ ಕೈ ಬಿಚ್ಚಿದಂತೆಯೇ ಇತ್ತು.

ಇಂಜು ಬೆರಳು ಮಡಚಿದಳು. "ಕೈರಾತಣ್ಣ ಒಂದು, ಗೌಹಾರಕ್ಕ ಎರಡು. ಅಮ್ಮ, ನಿಂಗೆ ಲೆಕ್ಕ ತಪ್ತು."

"ತಪ್ಪಿಲ್ಲ. ಇನ್ನೊಂದ್ಸಲ ಎಣಿಸು."

ಮತ್ತೆ ಎಣಿಸಿದಳು. ಒಂದು, ಎರಡು, ಆಮೇಲೆ ಬೆರಳು ತನ್ನ ಎದೆಗೆ ಬಂದು ನಿಂತಿತು. "ಮತ್ತೆ ನೀನು?"

"ನಾನು ಎರಡು ಬೀದಿ ಆಚೆ. ಒಲೆ ಮೇಲೆ ಹಾಲಿಟ್ಟು ಓಡಿದ್ರೆ ಉಕ್ಕೋದ್ರೊಳಗೆ ನನ್ನ ಹತ್ರ ಬಂದಿರ್ತೀಯ."

"ನಿನ್ನ ಅಮ್ಮ ಅಂತಾನೇ ಕರೀಲಾ?"

"ಇನ್ನೇನಂತ ಕರೀತೀಯ, ಕತ್ತೆ?"

"ಹಂಗಾದ್ರೆ ಗೌಹಾರಕ್ಕನ್ನ?"

"ಅದನ್ನ ಅವಳನ್ನೇ ಕೇಳು," ಅಂದೆ.

ಇಂಜು ಕೇಳಲಿಲ್ಲ, ಎದ್ದು ಗೌಹಾರ್ ಹತ್ತಿರ ಹೋದಳು. ಗೌಹಾರ್ ನನ್ನೆದುರಿಗೇ, ತನ್ನ ಮಾವನೆದುರಿಗೇ, ಎರಡೂ ಕೈಯಲ್ಲಿ ಮಗುವನ್ನು ಬಾಚಿ ತೊಡೆಗೆ ಎಳೆದುಕೊಂಡಳು. ದನಿಯಿಲ್ಲದೆ ಅತ್ತಳು. ಸಿಸ್ಟರ್ ಕಿಟಕಿಯ ಕಡೆ ತಿರುಗಿ ಕೂತರು. ನಮ್ಮವರು ಹಲ್ಲಿನ ಸೆಟ್ಟನ್ನು ತೆಗೆದು ಹಾಕಿಕೊಂಡು ರೊಟ್ಟಿ ಮುರಿದರು.

ಚಹಾ ಆರುತ್ತಿತ್ತು. ಚಹಾ ಬಗ್ಗಿಸುವುದು ಸೊಸೆಯ ಕೆಲಸ. ಅವಳು ನಮ್ಮ ಮನೆಗೆ ಬಂದ ದಿನದಿಂದ ನಾನು ಕೆಟಲಿನ ಹಿಡಿ ಮುಟ್ಟಿದವಳಲ್ಲ. ಇವತ್ತು ನನ್ನ ಕಡೆಗೆ ಎಳೆದುಕೊಂಡೆ. ಮೊದಲು ಹಾಲು, ಆಮೇಲೆ ಡಿಕಾಕ್ಷನ್, ಬಟ್ಟಲು ಅರ್ಧಕ್ಕೆ. ಗೌಹಾರ್‌ಗೆ ಚಾಚಿದೆ. ಅವಳ ಕೈ ಎರಡಕ್ಕೂ ಬಿಡುವಿರಲಿಲ್ಲ.

ಬಟ್ಟಲನ್ನು ನಾನೇ ಅವಳ ತುಟಿಗೆ ಹಿಡಿದೆ.